ಗಿರಣಿ ನಿಲ್ಲಿಸಿ ಕೇಳಿದವರು

ಅವರ ಕಿವಿಯ ಮಡಿಕೆಗಳಲ್ಲಿ ಸದಾ ಹಿಟ್ಟು ಕೂತಿರುತ್ತಿತ್ತು. ಕಿವಿಯೊಳಗಿನ ಕೂದಲಿಗೂ ಹಿಟ್ಟು ಮೆತ್ತಿಕೊಂಡು, ಎರಡೂ ಕಡೆ ಹತ್ತಿಯ ಬತ್ತಿ ಸಿಗಿಸಿಕೊಂಡವರ ಹಾಗೆ ಕಾಣುತ್ತಿದ್ದರು. ಶುಕ್ರವಾರ ಕೈಕಾಲು ಮುಖ ತೊಳೆದು, ಟೊಪ್ಪಿಗೆ ಹಾಕಿಕೊಂಡು ನಮಾಜಿಗೆ ಹೊರಟಾಗಲೂ ಕಿವಿಯ ಹಿಂದೆ ಒಂದು ಚೂರು ಜೋಳದ ಹಿಟ್ಟು ಉಳಿದೇ ಇರುತ್ತಿತ್ತು. ಹುಡುಗನಾಗಿದ್ದಾಗಿನಿಂದ ಗಿರಣಿಯ ಚಕ್ರ ತಿರುಗಿಸುವ ಪಟ್ಟೆಯ ಸಪ್ಪಳ ಕೇಳಿ ಕೇಳಿ ಆ ಕಿವಿಗಳು ಸತ್ತಿದ್ದವು. ಮೊದಲು ಎಡಗಿವಿ ಹೋಯಿತು. ನಾಲ್ಕೈದು ವರ್ಷಕ್ಕೆ ಬಲಗಿವಿಯೂ ಹೋಯಿತು.

ನಾನು ಅವರನ್ನು ಗಿರಣಿಯಣ್ಣ ಎನ್ನುತ್ತಿದ್ದೆ. ಒಡಹುಟ್ಟಿದವರಲ್ಲ, ನಮ್ಮ ಜಾತಿಯವರೂ ಅಲ್ಲ. ಸಾರವಾಡದಲ್ಲಿ ನಮ್ಮ ಮನೆಯಿಂದ ಅವರ ಗಿರಣಿಗೆ ಇನ್ನೂರು ಹೆಜ್ಜೆ. ಮದುವೆಯಾಗಿ ಬಂದ ಎರಡನೇ ವಾರವೇ ತಲೆಯ ಮೇಲೆ ಜೋಳದ ಬುಟ್ಟಿ ಹೊತ್ತು ಆ ಇನ್ನೂರು ಹೆಜ್ಜೆ ನಡೆದಿದ್ದೆ. ಈಗ ನನ್ನ ಮೊಮ್ಮಗಳಿಗೆ ಗಂಡು ನೋಡುತ್ತಿದ್ದೇವೆ.

ಇದನ್ನು ಬರೆಯುತ್ತಿರುವುದು ಅವರನ್ನು ಹೊಗಳುವುದಕ್ಕಲ್ಲ. ಹೊಗಳುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಅವರಿಗೆ ಒಂದು ಕೆಟ್ಟ ಕೆಲಸ ಮಾಡಿದ್ದೇನೆ. ಅದನ್ನು ಬಿಟ್ಟು ಅವರ ಬಗ್ಗೆ ಬೇರೆ ಏನು ಬರೆದರೂ ಅದು ನನ್ನ ಇನ್ನೊಂದು ಸುಳ್ಳಾಗುತ್ತದೆ.

ಗಿರಣಿ ಓಡುವಾಗ ಕಿವಿ ಚೆನ್ನಾಗಿದ್ದವರಿಗೂ ಏನೂ ಕೇಳುವುದಿಲ್ಲ. ಅದಕ್ಕೆ ಅವರು ಬಾಗಿಲ ಪಕ್ಕದ ಕಟ್ಟೆಯ ಮೇಲೆ ಒಂದು ಅಗಲವಾದ ತಗಡು ಇಟ್ಟಿದ್ದರು. ಅದರ ಮೇಲೆ ತೆಳ್ಳಗೆ ಹಿಟ್ಟು ಬಿದ್ದಿರುತ್ತಿತ್ತು. ಬಂದವರು ಬುಟ್ಟಿ ಇಳಿಸಿ, ಆ ಹಿಟ್ಟಿನಲ್ಲಿ ಬೆರಳಿನಿಂದ ಬರೆಯಬೇಕು. ಅಕ್ಷರ ಬಂದವರು 'ಸಣ್ಣ', 'ನುಚ್ಚು' ಎಂದು ಬರೆಯುತ್ತಿದ್ದರು. ಬಾರದವರು ಒಂದು ಗೆರೆ ಎಳೆದರೆ ರೊಟ್ಟಿಯ ಹಿಟ್ಟು, ಚುಕ್ಕಿ ಇಟ್ಟರೆ ನುಚ್ಚು. ಅವರು ಒಮ್ಮೆ ನೋಡಿ, ಅಂಗೈಯಿಂದ ಒರೆಸಿ, ತಲೆಯಾಡಿಸುತ್ತಿದ್ದರು. ಇಡೀ ಊರಿನ ಜೋಳ ಆ ತಗಡಿನ ಬರಹದ ಮೇಲೆ, ಒಂದು ಮಾತೂ ಇಲ್ಲದೆ, ಹಿಟ್ಟಾಗಿ ಹೋಗುತ್ತಿತ್ತು.

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಮದುವೆಯ ಹೊತ್ತಿಗೆ ಅಕ್ಷರಗಳು ಮರೆತೇ ಹೋಗಿದ್ದವು. ನಾನೂ ಗೆರೆಯವಳೇ. ಒಂದು ದಿನ ಗೆರೆ ಎಳೆದು ಹೊರಟವಳನ್ನು ಅವರು ತಡೆದರು. ಕೆಲಸದ ನಡುವೆ ಆಗದಿದ್ದರೂ, ಎದುರು ನಿಂತವರ ತುಟಿ ನೋಡಿ ಅವರು ಮಾತು ತಿಳಿಯುತ್ತಿದ್ದರು.

"ಯಾಕ ತಂಗೀ, ಸಾಲಿ ಕಂಡಿಲ್ಲೇನು?"

"ಕಂಡಿದ್ನಿರಿ ಅಣ್ಣಾ, ಮರ್ತೇನಿ."

"ಮರ್ತದ್ದ ಮತ್ತ ನೆಪ್ಪ ಆಗತೈತಿ. ಬರಿ."

"ತಪ್ಪ ಆಗತೈತ್ರಿ."

"ಹಿಟ್ಟಿನ್ಯಾಗ ಬರದ ತಪ್ಪ ಯಾರ್ ನೋಡ್ತಾರ? ಒರಸು, ಮತ್ತ ಬರಿ."

ಹೀಗೆ ವಾರಕ್ಕೆ ಒಂದೆರಡು ಅಕ್ಷರದಂತೆ ಅವರು ನನಗೆ ಬರೆಯುವುದನ್ನು ತಿರುಗಿ ಕಲಿಸಿದರು. 'ಣ್ಣ' ನನಗೆ ಬಹಳ ದಿನ ಬರಲಿಲ್ಲ. 'ಸಣ' ಎಂದು ಬರೆದರೆ ಅವರು ಬೇಕೆಂದೇ ತಲೆ ಕೆರೆದುಕೊಂಡು, "ಈ ಸಣ ಅಂದ್ರ ಯಾವ ಊರಿನ ಹಿಟ್ಟ ತಂಗೀ?" ಎಂದು ಕೇಳುತ್ತಿದ್ದರು. ಸಾಲಿನಲ್ಲಿ ನಿಂತ ಹೆಂಗಸರು ನಗುತ್ತಿದ್ದರು. ನಾನು ಸಿಟ್ಟಿನಿಂದ ಅಂಗೈಯಲ್ಲಿ ಒರೆಸುತ್ತಿದ್ದೆ.

ಕಿವಿ ಕೇಳದವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ಗೊತ್ತಾಗುವುದಿಲ್ಲ. ಗುಟ್ಟು ಹೇಳಲು ಹತ್ತಿರ ಬರುತ್ತಿದ್ದರು, ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು, ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಒಮ್ಮೆ ಹಾಗೆಯೇ ಬಾಗಿ, "ತಂಗೀ, ನಿನ್ನ ಗಂಡಗ ಹೇಳಬ್ಯಾಡ, ಅಂವಾ ತಂದ ಜ್ವಾಳಕ್ಕ ಹುಳಾ ಹತ್ಯಾವು" ಎಂದರು. ನನ್ನ ಗಂಡ ಎದುರಿನ ಚಹಾದಂಗಡಿಯಲ್ಲಿ ಕೂತಿದ್ದ. ಅಲ್ಲಿಂದಲೇ, "ಕೇಳಸ್ತೋ ಮಾಮಾ, ನಾಳೆ ಬಿಸಿಲಿಗಿ ಹಾಕ್ತೀನಿ" ಎಂದು ಕೂಗಿದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಗಿರಣಿಯಣ್ಣ ಯಾಕೆ ನಗುತ್ತಿದ್ದಾರೆಂದು ತಿಳಿಯದೆ ತಾವೂ ನಕ್ಕರು.

ಹಿಟ್ಟಿನ ವಿಷಯದಲ್ಲಿ ಮಾತ್ರ ನಗೆ ಇರಲಿಲ್ಲ. ಬೀಸಿದ ಹಿಟ್ಟನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜಿ ನೋಡದೆ ಯಾರಿಗೂ ಕೊಡುತ್ತಿರಲಿಲ್ಲ. ಸ್ವಲ್ಪ ತರಿ ಸಿಕ್ಕರೂ ಮತ್ತೆ ಬೀಸುತ್ತಿದ್ದರು. "ಬಿಸಿ ಹಿಟ್ಟ ಕಟ್ಟಬ್ಯಾಡ್ರಿ, ಹರವ್ರಿ, ಆರಸ್ರಿ" ಎನ್ನುವುದು ಅವರ ದಿನದ ಮಾತು. ನಾವು ಆತುರದಲ್ಲಿ ಕಟ್ಟಿಕೊಂಡು ಹೊರಟರೆ ಹಿಂದಿನಿಂದ ಬಂದು ಗಂಟು ಬಿಚ್ಚುತ್ತಿದ್ದರು.

ಹದಿನೈದು ವರ್ಷದ ಹಿಂದೆ ನಾವು ಹನ್ನೆರಡು ಮನೆಯ ಹೆಂಗಸರು ಕೂಡಿ ಮಾರಾಟಕ್ಕೆ ಖಡಕ್ ರೊಟ್ಟಿ ಬಡಿಯಲು ಶುರು ಮಾಡಿದೆವು. ಬಾಬಲೇಶ್ವರದಲ್ಲಿ ಒಂದು ಗುಂಪು, ತಿಕೋಟಾದಲ್ಲಿ ಒಂದು ಗುಂಪು, ಸಾರವಾಡದಲ್ಲಿ ನಮ್ಮದು. ಮೂರು ಗುಂಪಿಗೂ ಗಿರಣಿಯಣ್ಣನ ಹಿಟ್ಟೇ ಆಗಬೇಕು. ಡೋಣಿ ಹೊಳೆಯ ದಂಡೆಯ ರೈತರಿಂದ ಒಳ್ಳೆಯ ಬಿಳಿಜೋಳ ಆರಿಸಿ ತರಿಸುತ್ತಿದ್ದವರು ಅವರೇ. ರೊಟ್ಟಿ ವಿಜಯಪುರಕ್ಕೆ ಹೋಗುತ್ತಿತ್ತು. ಗೋಳಗುಮ್ಮಟದ ಹತ್ತಿರ ಒಂದು ದೊಡ್ಡ ಖಾನಾವಳಿ ಇದೆ, ಅದರ ಮಾಲಕರು ನಮ್ಮ ದೊಡ್ಡ ಗಿರಾಕಿ. ಊಟಕ್ಕೆ ಬಂದವರಿಗೂ ಬಡಿಸುತ್ತಿದ್ದರು, ಮದುವೆ ಮುಂಜಿಗೂ ಕಳಿಸುತ್ತಿದ್ದರು.

ಜೋಳದ ಹಿಟ್ಟಿನ ಗುಣ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಅದನ್ನು ಬೀಸಿ ಬಹಳ ದಿನ ಇಡಲು ಬರುವುದಿಲ್ಲ. ಹಳೆಯದಾದರೆ ಜಿಗುಟು ಹೋಗುತ್ತದೆ, ಬಡಿದರೆ ರೊಟ್ಟಿಯ ಅಂಚು ಹರಿಯುತ್ತದೆ. ಹಾಗಾಗಿ ಯಾರಿಗೆ ಎಷ್ಟು ರೊಟ್ಟಿ ಯಾವ ದಿನ ಬೇಕು ಎಂದು ಗಿರಣಿಗೆ ಮೊದಲೇ ತಿಳಿಯಬೇಕು. ಯಾವ ಮನೆಯಲ್ಲಿ ಹಿಟ್ಟು ಇದೆ, ಯಾವ ಮನೆಯಲ್ಲಿ ತೀರಿದೆ ಎನ್ನುವುದೂ ತಿಳಿಯಬೇಕು. ಹೆಚ್ಚು ಬೀಸಿದರೆ ಹಾಳು. ಕಡಿಮೆ ಬೀಸಿದರೆ ಒಲೆ ಹೊತ್ತಿಸಿಕೊಂಡು ಸುಮ್ಮನೆ ಕೂರಬೇಕು.

ಮೊದಲೆಲ್ಲ ಪಟ್ಟಣದ ಫೋನನ್ನು ಅವರ ಹೆಂಡತಿ ಎತ್ತುತ್ತಿದ್ದರು. ಕೇಳಿಕೊಂಡು ತಗಡಿನ ಮೇಲೆ ಬರೆಯುತ್ತಿದ್ದರು. ಆಕೆ ತೀರಿಕೊಂಡ ಮೇಲೆ ಗಿರಣಿಯ ಫೋನು ಬಡಿದುಕೊಂಡೇ ಇರುತ್ತಿತ್ತು, ಎತ್ತುವವರಿಲ್ಲ. ಗಿರಾಕಿಗಳು ಬೇಸತ್ತು ನನಗೆ ಫೋನು ಮಾಡತೊಡಗಿದರು. ನಾನು ಕೇಳಿಕೊಂಡು ಹೋಗಿ ತಗಡಿನ ಮೇಲೆ ಬರೆಯುತ್ತಿದ್ದೆ. ಮುಂಜಾನೆ ಹನ್ನೊಂದು ಹೆಂಗಸರು ನನ್ನ ಬಾಗಿಲಿಗೆ ಬಂದು, "ಇವತ್ತ ನನಗೆಷ್ಟ್ರಿ?" ಎಂದು ನಿಲ್ಲುತ್ತಿದ್ದರು. ನಾನು ಹೇಳಿದಷ್ಟು ಬಡಿಯುತ್ತಿದ್ದರು. ಹಿಂದಿನ ದಿನ ಜಗಳಾಡಿದವಳಿಗೆ ನಾನು ಸ್ವಲ್ಪ ಕಡಿಮೆ ಹೇಳುತ್ತಿದ್ದೆ. ಅದು ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಯಾರೂ ಜಗಳಾಡುತ್ತಿರಲಿಲ್ಲ. ಮೂರನೇ ಇಯತ್ತೆ ಕಲಿತವಳಿಗೆ ಇಷ್ಟು ಮಾನ ಬೇರೆ ಎಲ್ಲಿಯೂ ಸಿಕ್ಕಿರಲಿಲ್ಲ.

ಹೀಗಿರುವಾಗ ಒಂದು ಸಂಸ್ಥೆಯ ಕಡೆಯಿಂದ ಒಬ್ಬ ಮೇಡಂ ಬಂದರು. ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟರು. ಪಟ್ಟಣದ ಗಿರಾಕಿ ತನಗೆ ಎಷ್ಟು ರೊಟ್ಟಿ ಬೇಕೆಂದು ಅದರಲ್ಲಿ ಹಾಕಬೇಕು. ಪ್ರತಿ ಮನೆಯವಳು ತನ್ನಲ್ಲಿ ಎಷ್ಟು ಚೀಲ ಹಿಟ್ಟಿದೆ, ಎಷ್ಟು ರೊಟ್ಟಿ ತಯಾರಿದೆ ಎಂದು ಒತ್ತಬೇಕು. ಎಲ್ಲವೂ ಗಿರಣಿಯಣ್ಣನ ಫೋನಿನಲ್ಲಿ ಕಾಣುತ್ತದೆ. ನೋಡಿ ಅವರು ಬೀಸುತ್ತಾರೆ. ಯಾರೂ ಯಾರಿಗೂ ಫೋನು ಮಾಡುವುದು ಬೇಕಿಲ್ಲ.

ಗಿರಣಿಯ ಅಂಗಳದಲ್ಲಿ ನಮ್ಮನ್ನೆಲ್ಲ ಕೂಡಿಸಿ ಕಲಿಸುತ್ತಿದ್ದ ಮೇಡಂ, "ಹಿಟ್ಟ ಖಾಲಿ ಆದ್ರ ಸೊನ್ನಿ ಒತ್ರಿ" ಎಂದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೂಲೆಮನೆಯ ಶಾಂತವ್ವ ಗಲ್ಲ ಗಲ್ಲ ಬಡಿದುಕೊಂಡಳು.

"ಅಯ್ ಶಿವನ! ಮನ್ಯಾಗ ಜ್ವಾಳ ಇಲ್ಲ ಅಂತ ನಮ್ಮ ಕೈಲೇ ಬರೀಬೇಕೇನ್ರಿ? ನಿಮ್ಮ ಮನ್ಯಾಗ ಬರೀತೀರೇನು?"

"ಅದ ಬರೇ ಲೆಕ್ಕಾರಿ ಅಕ್ಕಾರ."

"ಲೆಕ್ಕಾನ ಬ್ಯಾಡ್ರಿ ಅಂದ್ರ. ಮತ್ತ ಇದನ್ನ ನಮ್ಮ ನೆಗೆಣ್ಣೀನೂ ನೋಡ್ತಾಳಲ್ಲ? ನಾ ಎಷ್ಟ ಬಡದೇನಿ ಅಂತ ಆಕಿಗೆ ಗೊತ್ತಾದ್ರ ಸಂಜೀಮಟಾ ಅತ್ತಿ ಮುಂದ ಕುಂತ ಹೇಳ್ತಾಳ."

ಹಿಂದಿನಿಂದ ಇನ್ನೊಬ್ಬಳು, "ನಮ್ಮನ್ಯಾಗ ಫೋನ್ ಇರೂದು ಅವರ ಕಿಸೇದಾಗ, ಅವರ ಇರೂದು ಹೊಲದಾಗ. ನಾ ಎಲ್ಲಿ ಒತ್ತಲಿ, ಅವರ ಕಿಸೇ ಮ್ಯಾಲ ಒತ್ತಲೇನು?" ಎಂದಳು. ಮೇಡಂ ಕೂಡ ನಕ್ಕುಬಿಟ್ಟರು.

ನಮ್ಮ ಕಡೆ ಹಿಟ್ಟಿನ ಡಬ್ಬಿಯನ್ನು ಪೂರ್ತಿ ಬರಿದು ಮಾಡುವುದಿಲ್ಲ. ತಳದಲ್ಲಿ ಒಂದು ಹಿಡಿ ಬಿಟ್ಟಿರುತ್ತೇವೆ. ಮುಗಿಯಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವ ಅಗತ್ಯವೂ ಮೊದಲು ಇರಲಿಲ್ಲ. ಬುಟ್ಟಿ ಹೊತ್ತು ಗಿರಣಿಗೆ ಹೋದಳೆಂದರೆ ಮನೆಯಲ್ಲಿ ಹಿಟ್ಟು ಇಲ್ಲವೆಂದೇ ಅರ್ಥ. ಗಿರಣಿಯಣ್ಣನ ಮನೆಯಲ್ಲೂ ಅದೇ ರೀತಿ. ಬರಕತ್ತು, ಅಂದರೆ ಮನೆಯ ಏಳಿಗೆ, ಹೋಗುತ್ತದೆ ಎಂದು ಅವರ ಹೆಂಡತಿಯೂ ಹಿಟ್ಟು ತೀರಿದ ಮಾತು ಆಡುತ್ತಿರಲಿಲ್ಲ. ಆದರೂ ಅವರು ಮಾತ್ರ ಆ ದಿನ ನಮ್ಮೆಲ್ಲರ ಮುಂದೆ ಕೈ ಜೋಡಿಸಿದರು.

"ನನ್ನ ಸಲುವಾಗಿ ಒತ್ರಿ ಯವ್ವಾ. ನನಗ ಮಂದಿ ಮಾತ ಕೇಳಸಲಾರದ ಎಷ್ಟೋ ವರ್ಷ ಆತು. ಇದರಾಗ ಕೇಳಸ್ತೈತಿ."

ಅದು ಬರೀ ಮಾತಲ್ಲ. ಆ ಫೋನು ಬಂದ ಮೇಲೆ ಅವರು ಹತ್ತು ವರ್ಷ ಸಣ್ಣವರಾದರು. ತಿಕೋಟಾದಿಂದ ಒಂದು ಅಂಕಿ ಬಂದರೆ ನನ್ನನ್ನು ಕರೆದು ತೋರಿಸುತ್ತಿದ್ದರು. "ನೋಡ ತಂಗೀ, ತಿಕೋಟಾದಾಕಿ ಮಾತಾಡಾಕತ್ತಾಳ! ನಾ ಇಲ್ಲಿ ಕುಂತ ಕೇಳಾಕತ್ತೇನಿ!" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಖಾನಾವಳಿ ಮಾಲಕರು ಒಂದು ಸಲ ಅದರಲ್ಲೇ 'ಈ ಸಲದ ಹಿಟ್ಟು ಚಲೋ ಇತ್ತು' ಎಂದು ಬರೆದಿದ್ದರು. ಅದನ್ನು ಅವರು ಎಷ್ಟು ದಿನ, ಎಷ್ಟು ಮಂದಿಗೆ ತೋರಿಸಿದರೋ.

ನನ್ನ ಬಾಗಿಲಿಗೆ ಬರುವವರು ಕಡಿಮೆಯಾದರು. ಫೋನು ಒತ್ತಲು ಕಲಿತವರು ಅದರಲ್ಲೇ ನೋಡಿಕೊಂಡು ಬಡಿಯುತ್ತಿದ್ದರು. ಒಂದು ವಾರ ಶಾಂತವ್ವ ನನಗಿಂತ ಹೆಚ್ಚು ರೊಟ್ಟಿ ಕಳಿಸಿದಳು, ನನ್ನನ್ನು ಕೇಳಲೂ ಇಲ್ಲ. ನನಗೆ ಹೊಟ್ಟೆ ಉರಿಯಿತು. ಈ ವಯಸ್ಸಿನಲ್ಲಿ ಅದನ್ನು ಬೇರೆ ಹೆಸರಿನಿಂದ ಕರೆಯುವುದು ಬೇಡ.

ನಾನು ಒಬ್ಬೊಬ್ಬರನ್ನೇ ಕರೆದು ಹೇಳಿದೆ: "ಸೊನ್ನಿ ಒತ್ತಬ್ಯಾಡ್ರಿ. ಜ್ವಾಳದ ಮುಂದ ಸೊನ್ನಿ ಬರದ್ರ ಮನಿಗೆ ಚಲೋ ಅಲ್ಲ. ಇದ್ರೂ ಇರದಿದ್ರೂ ಒಂದ ಚೀಲ ಅಂತ ಒತ್ರಿ. ಅಣ್ಣಗ ನಾ ಹೇಳ್ತೀನಿ." ಹಿರಿಯಳು ಹೇಳಿದಳು, ಹೇಳಿದ್ದು ಹಿಂದಿನಿಂದ ಬಂದ ರೀತಿಯ ಮಾತು. ಎಲ್ಲರೂ ಒಪ್ಪಿದರು, ಶಾಂತವ್ವ ಎಲ್ಲರಿಗಿಂತ ಮೊದಲು ಒಪ್ಪಿದಳು. ಸೊನ್ನೆಯ ಅಂಜಿಕೆ ಅವರಿಗೆ ನಿಜವಾಗಿಯೂ ಇತ್ತು. ನನಗೂ ಇತ್ತು, ಸ್ವಲ್ಪ. ಆದರೆ ನನಗೆ ಬೇಕಾಗಿದ್ದದ್ದು ಬೇರೆ. ಫೋನಿನಲ್ಲಿರುವ ಅಂಕಿ ಒಂದು, ಮನೆಯಲ್ಲಿರುವುದು ಇನ್ನೊಂದು ಆದರೆ, ನಿಜ ಏನೆಂದು ತಿಳಿಯಲು ಮತ್ತೆ ನನ್ನನ್ನೇ ಕೇಳಬೇಕಲ್ಲ. ಕೆಲವು ದಿನ ಹಾಗೆಯೇ ನಡೆಯಿತು. ಹಿಟ್ಟು ತೀರಿದ ಮನೆಯ ಹೆಸರನ್ನು ನಾನು ಹೋಗಿ ತಗಡಿನ ಮೇಲೆ ಬರೆಯುತ್ತಿದ್ದೆ. ಅವರು ಬೀಸಿ ಕೊಡುತ್ತಿದ್ದರು. "ಫೋನಿನ್ಯಾಗ ಐತಿ ಅಂತ ತೋರಸ್ತೈತೆಲ್ಲ ತಂಗೀ?" ಎಂದು ಕೇಳುತ್ತಿದ್ದರು. "ಒತ್ತಾಕ ಮರ್ತಿರಬೇಕ್ರಿ" ಎನ್ನುತ್ತಿದ್ದೆ.

ಆಮೇಲೆ ಆ ಸೋಮವಾರದ ಮದುವೆ ಬಂತು. ಪಟ್ಟಣದಲ್ಲಿ ದೊಡ್ಡ ಊಟ. ಖಾನಾವಳಿ ಮಾಲಕರು ಹಿಂದೆಂದೂ ಕೇಳದಷ್ಟು ರೊಟ್ಟಿ ಕೇಳಿದ್ದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಸಾರವಾಡದ ಪಾಲು. ಈ ಊಟ ಸರಿಯಾದರೆ ವರ್ಷವಿಡೀ ಮೂರೂ ಗುಂಪಿನ ರೊಟ್ಟಿ ತಾವೇ ಕೊಳ್ಳುವುದಾಗಿ, ಅದರ ಹೊಣೆಯನ್ನೆಲ್ಲ ಗಿರಣಿಯವರಿಗೇ ಒಪ್ಪಿಸುವುದಾಗಿ ಹೇಳಿದ್ದರು. ಗಿರಣಿಯಣ್ಣನ ಮಗ ಗಿರಣಿ ಮುಚ್ಚಿ ಮನೆಯಲ್ಲಿ ಕೂತುಕೋ ಎಂದು ಅಪ್ಪನಿಗೆ ಹೇಳುತ್ತಿದ್ದ ಕಾಲ ಅದು. "ಇದೊಂದ ಆಗಲಿ ತಂಗೀ, ಕಿವುಡನ ಕೈಲೆ ಏನಾಗತೈತಿ ಅಂತ ನನ್ನ ಮಗಾ ನೋಡ್ಲಿ" ಎಂದು ನನಗೆ ಹೇಳಿದ್ದರು.

ಭಾನುವಾರ ಇಡೀ ದಿನ ಕರೆಂಟು ಇರುವುದಿಲ್ಲ ಎಂದು ಮೊದಲೇ ಸಾರಿದ್ದರು. ಬೀಸುವುದೆಲ್ಲ ಶನಿವಾರವೇ ಆಗಬೇಕು. ಶನಿವಾರ ಮುಂಜಾನೆ ಅವರ ಫೋನಿನಲ್ಲಿ ನಮ್ಮ ಹನ್ನೆರಡು ಮನೆಯ ಮುಂದೆಯೂ ಒಂದೊಂದು ಚೀಲ ಹಿಟ್ಟು ಕಾಣುತ್ತಿತ್ತು. ನಮಗೆ ಸಾಕಷ್ಟು ಇದೆ ಎಂದುಕೊಂಡು ಅವರು ಬಾಬಲೇಶ್ವರ, ತಿಕೋಟಾಕ್ಕೆ ಬೀಸಿ ಕಳಿಸಿದರು. ನಮ್ಮ ಹನ್ನೆರಡು ಮನೆಯಲ್ಲಿ ಎಂಟು ಮನೆಯ ಡಬ್ಬಿಯ ತಳದಲ್ಲಿ ಹಿಡಿ ಹಿಟ್ಟು ಮಾತ್ರ ಇತ್ತು.

ನನಗೆ ಗೊತ್ತಿತ್ತು. ಮಧ್ಯಾಹ್ನದ ಹೊತ್ತಿಗೇ ಗೊತ್ತಾಗಿತ್ತು. ಇಬ್ಬರು ಬಂದು, "ಅಣ್ಣಾರಿಗೆ ಹೇಳೀರೇನ್ರಿ?" ಎಂದು ಕೇಳಿದ್ದರು. "ಹೇಳ್ತೀನಿ ಹೋಗ್ರಿ" ಎಂದಿದ್ದೆ. ಗಿರಣಿಯ ಸಪ್ಪಳ ನನ್ನ ಕಟ್ಟೆಗೆ ಕೇಳುತ್ತಿತ್ತು. ಇನ್ನೂರು ಹೆಜ್ಜೆ. ನಾನು ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿದೆ. ಒಮ್ಮೆ ಆ ಫೋನು ಸೋಲಲಿ, ಆಮೇಲೆ ಎಲ್ಲರೂ ನನ್ನ ಬಾಗಿಲಿಗೇ ಬರುತ್ತಾರೆ ಎಂದು ಅಂದುಕೊಂಡೆ. ಅವರಿಗೆ ಎಷ್ಟು ಕೆಡುಕು ಆಗಬಹುದೆಂದು ಯೋಚಿಸಲಿಲ್ಲ ಎಂದರೆ ಸುಳ್ಳು. ಸ್ವಲ್ಪ ಆಗುತ್ತದೆ, ಆಮೇಲೆ ಸರಿಹೋಗುತ್ತದೆ ಎಂದುಕೊಂಡೆ. ಸಂಜೆ ಗಿರಣಿ ನಿಂತಿತು. ನಾನು ಎದ್ದು ಹೋಗಲಿಲ್ಲ.

ಸೋಮವಾರ ನಮ್ಮ ಪಾಲಿನ ರೊಟ್ಟಿ ಮೂರರಲ್ಲಿ ಒಂದು ಭಾಗವೂ ಆಗಲಿಲ್ಲ. ಮಂಗಳವಾರ ಖಾನಾವಳಿ ಮಾಲಕರೇ ಗಾಡಿ ಮಾಡಿಕೊಂಡು ಬಂದರು. ಗಿರಣಿಯ ಅಂಗಳದಲ್ಲಿ ನಾವೆಲ್ಲ ಸೇರಿದ್ದೆವು.

"ಏನ್ರಿ ಮಾಮಾ, ಮಂದಿ ಎಲಿ ಮುಂದ ಕುಂತಿದ್ರು! ಓಡ್ಯಾಡಿ ಚಪಾತಿ ತರಿಸಿ ಮರ್ಯಾದಿ ಉಳಿಸಿಕೊಂಡೇನಿ. ಬೀಗರು ನನ್ನ ಮಾರಿಗೆ ಬೈದ ಹೋಗ್ಯಾರ."

ಗಿರಣಿಯಣ್ಣ ಮಾಲಕರ ತುಟಿಯನ್ನೇ ನೋಡುತ್ತಿದ್ದರು. ಕೈಯಲ್ಲಿ ಫೋನು ಇತ್ತು. "ನೋಡ್ರಿ ಸಾವಕಾರ್ರ, ಹನ್ನೆರಡೂ ಮನ್ಯಾಗ ಹಿಟ್ಟ ಐತಿ ಅಂತ ಇದರಾಗ ಐತಿ. ನಾ ಇದನ್ನ ನೋಡೇ ಬೀಸೇನಿ." ಆಮೇಲೆ ನನ್ನ ಕಡೆ ತಿರುಗಿದರು. "ತಂಗೀ, ಹಿಟ್ಟ ಇರಲಿಲ್ಲೇನು?"

ಎಲ್ಲರೂ ನನ್ನನ್ನು ನೋಡಿದರು. ಹನ್ನೊಂದು ಹೆಂಗಸರ ಕಣ್ಣುಗಳು ನನ್ನ ಮೇಲಿದ್ದವು. ನಾನೇ ಹೇಳಿಕೊಟ್ಟ ಸುಳ್ಳು ಅಂಕಿ ಅವು. ಅಣ್ಣಗ ನಾ ಹೇಳ್ತೀನಿ ಎಂದವಳೂ ನಾನೇ. ಬಾಯಿ ತಾನಾಗಿ ತೆರೆಯಿತು.

"ನಾ ಶನಿವಾರ ಬಂದ ಹೇಳೇನಲ್ರಿ. ಗಿರಣಿ ಓಡಾಕತ್ತಿತ್ತು. ನಿಮಗ ಕೇಳಸಲಿಲ್ಲಂದ್ರ ನಾ ಏನ ಮಾಡ್ಲಿ?"

"ತಗಡಿನ ಮ್ಯಾಲ ಬರೀಬೇಕಿಲ್ಲ ತಂಗೀ?"

"ಬರದಿದ್ನಿ. ಹಿಟ್ಟ ಬಿದ್ದ ಮುಚ್ಚಿರಬೇಕು."

ಒಂದರ ಹಿಂದೆ ಒಂದು, ಎರಡು ಸುಳ್ಳು. ಅಕ್ಷರ ಕಲಿಸಿದವರ ಮುಂದೆ ಬರೆಯದ ಅಕ್ಷರ ಬರೆದೆ ಎಂದೆ.

ಮಾಲಕರು ತಲೆ ಅಲ್ಲಾಡಿಸಿದರು. "ತಪ್ಪ ನಂದ. ಕಿವಿ ಕೇಳದವರ ಕೈಯಾಗ ಇಷ್ಟ ದೊಡ್ಡ ಕೆಲಸಾ ಕೊಡಬಾರದಿತ್ತು" ಎಂದರು. ಅವರು ಮೆಲ್ಲಗೆ ಹೇಳಿದರು; ಜೋರಾಗಿ ಆಡಿದರೆ ಮಾತ್ರ ಕೇಳುತ್ತದೆ ಎಂದುಕೊಂಡಿದ್ದರು, ಗಿರಣಿಯಣ್ಣ ತುಟಿ ಓದುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ. ನಮಗೆಲ್ಲ ಗೊತ್ತಿತ್ತು. ಗಿರಣಿಯಣ್ಣ ಫೋನನ್ನು ಅಂಗಿಯ ತುದಿಯಿಂದ ಒರೆಸಿದರು. ಅದಕ್ಕೆ ಹಿಟ್ಟೇನೂ ಹತ್ತಿರಲಿಲ್ಲ. "ಹೌದ್ರಿ, ಕಿವೀದ ತಪ್ಪ. ತಂಗೀದ ಅಲ್ಲ" ಎಂದರು. ಹನ್ನೊಂದು ಮಂದಿಯಲ್ಲಿ ಒಬ್ಬಳೂ ಬಾಯಿ ತೆಗೆಯಲಿಲ್ಲ. ತಮ್ಮ ಬೆರಳೂ ಒತ್ತಿದೆಯಲ್ಲ.

ಮಾಲಕರು ಆ ದಿನದಿಂದ ನಮ್ಮ ರೊಟ್ಟಿ ಬಿಟ್ಟರು. ತಿಕೋಟಾದವರು, ಬಾಬಲೇಶ್ವರದವರು ಬೇರೆ ಗಿರಣಿ ನೋಡಿಕೊಂಡರು. ಮೇಡಂ ಎರಡು ಸಲ ಬಂದು, ಮೂರನೆಯ ಸಲ ಬರಲಿಲ್ಲ. ನನ್ನ ಬಾಗಿಲಿಗೂ ಯಾರೂ ಬರಲಿಲ್ಲ. ಹೇಳಲು ಗಿರಾಕಿಯೇ ಇಲ್ಲದಿದ್ದರೆ ಯಾರು ಬಂದು ಏನು ಕೇಳುತ್ತಾರೆ?

ಆ ಶುಕ್ರವಾರ ನಮಾಜು ಮುಗಿಸಿ ಗಿರಣಿಯಣ್ಣ ನಮ್ಮ ಮನೆಗೆ ಬಂದರು. ಕಟ್ಟೆಯ ಮೇಲೆ ಕೂತರು.

"ತಂಗೀ, ನೀ ಬಂದ ಹೇಳಿದ್ದಿ, ನಾ ನೋಡಲಿಲ್ಲ. ಹನ್ನೆರಡ ಮನಿ ಕೆಲಸಾ ಕಳದೇನಿ. ಮನಸಿಗೆ ಹಚಗೋಬ್ಯಾಡ."

ನಾನು ಚಹಾ ಮಾಡಿ ಕೊಟ್ಟೆ. ಅವರು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಆರಿಸಿ ಕುಡಿದರು. ನಾನು ಸಕ್ಕರೆ ಸಾಕೇನ್ರಿ ಎಂದು ಕೇಳಿದೆ. ಅಷ್ಟೇ ಕೇಳಿದೆ.

ಅದಾದ ಮೇಲೆ ಅವರು ಒಂದು ಹೊಸ ಪದ್ಧತಿ ಹಿಡಿದರು. ತಗಡನ್ನು ಎತ್ತಿ ಒಳಗೆ ಇಟ್ಟರು. ಯಾರೇ ಬರಲಿ, ಒಂದು ಸೇರು ಜೋಳ ತಂದವಳೇ ಇರಲಿ, ಗಿರಣಿಯನ್ನು ನಿಲ್ಲಿಸುತ್ತಿದ್ದರು. ಪಟ್ಟೆ ಪೂರ್ತಿ ನಿಲ್ಲುವ ತನಕ ಕಾಯುತ್ತಿದ್ದರು. ಎದುರು ಬಂದು ನಿಂತು, ಮುಖ ನೋಡಿ, "ಹೇಳ್ರ್ಯವ್ವಾ" ಎನ್ನುತ್ತಿದ್ದರು. ಕೇಳಿದ್ದನ್ನು ತಾವು ಒಮ್ಮೆ ತಿರುಗಿ ಹೇಳಿ, ಸರಿಯೇ ಎಂದು ಕೇಳಿ, ಆಮೇಲೆ ಗಿರಣಿ ಹಚ್ಚುತ್ತಿದ್ದರು. ಹತ್ತು ಮಂದಿ ಬಂದರೆ ಹತ್ತು ಸಲ. ಗಳಿಗೆಯ ಕೆಲಸಕ್ಕೆ ತಾಸು ಹಿಡಿಯುತ್ತಿತ್ತು. ಮಂದಿ ಗೊಣಗಿದರು. ಅವಸರದವರು ಬೇರೆ ಕಡೆ ಹೋದರು. ಶಾಂತವ್ವ ಒಮ್ಮೆ ಸಾಲಿನಲ್ಲಿ ನಿಂತು, "ಮಾಮಾ, ನಿಮ್ಮ ತಗಡೇ ಚಲೋ ಇತ್ರಿ" ಎಂದಳು. ಅದಕ್ಕೆ ಅವರು, "ತಗಡಿನ ಮ್ಯಾಲಿಂದು ಮುಚ್ಚತೈತಿ ಯವ್ವಾ, ಮಾರಿ ಮ್ಯಾಲಿಂದು ಮುಚ್ಚೂದಿಲ್ಲ" ಎಂದರು. ಶಾಂತವ್ವ ನನ್ನ ಕಡೆ ನೋಡಲಿಲ್ಲ. ನಾನೂ ಅವಳ ಕಡೆ ನೋಡಲಿಲ್ಲ.

ನಮ್ಮ ಕಟ್ಟೆಗೆ ಗಿರಣಿಯ ಸಪ್ಪಳ ಕೇಳುತ್ತಿತ್ತೆಂದು ಹೇಳಿದೆನಲ್ಲ. ಈಗ ಅದು ನಿಲ್ಲುವುದು ಕೇಳುತ್ತಿತ್ತು. ದಿನಕ್ಕೆ ಎಷ್ಟೋ ಸಲ. ನಿಂತಾಗಲೆಲ್ಲ ನನ್ನ ಕೈಯ ಕೆಲಸವೂ ನಿಲ್ಲುತ್ತಿತ್ತು.

ಒಂದು ವರ್ಷ ಕಳೆದ ಮೇಲೆ ಹೇಳಿಬಿಡಬೇಕೆಂದು ಹೋದೆ. ಮುಂಜಾನೆ ಹತ್ತು ಗಂಟೆ ಇರಬಹುದು. ಸುಮ್ಮನೆ ಹೋಗಲು ನಾಚಿಕೆಯಾಗಿ ಬುಟ್ಟಿಯಲ್ಲಿ ಜೋಳ ಹಾಕಿಕೊಂಡಿದ್ದೆ. ಗಿರಣಿ ಓಡುತ್ತಿತ್ತು, ಮೂರ್ನಾಲ್ಕು ಮಂದಿ ಸಾಲಿನಲ್ಲಿದ್ದರು. ಅವರು ನನ್ನನ್ನು ನೋಡಿ ಗುಂಡಿ ಒತ್ತಿದರು. ಪಟ್ಟೆ ನಿಧಾನವಾಗಿ ನಿಂತಿತು. ಎದುರಿಗೆ ಬಂದರು. ಕಣ್ಣುರೆಪ್ಪೆಯ ಮೇಲೆಲ್ಲ ಹಿಟ್ಟು. ನನ್ನ ಬಾಯಿಯನ್ನೇ ನೋಡುತ್ತ, "ಹೇಳ ತಂಗೀ. ಈಗ ಕೇಳ್ತೀನಿ" ಎಂದರು.

ಆ ಅಂಗಳದಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಎಂದೂ ಕೇಳಿರಲಿಲ್ಲ. ನನ್ನ ತುಟಿ ಅಲ್ಲಾಡಿದರೆ ಸಾಕಿತ್ತು, ದನಿಯೂ ಬೇಕಿರಲಿಲ್ಲ.

"ಸಣ್ಣಗ ಬೀಸ್ರಿ" ಎಂದೆ.

"ಸಣ್ಣಗ ಬೀಸ್ಲೇನು?"

"ಹೂಂ."

ಅವರು ಹೋಗಿ ಗಿರಣಿ ಹಚ್ಚಿದರು.

ಹೋದ ವರ್ಷ ಶ್ರಾವಣದಲ್ಲಿ ಅವರು ತೀರಿಕೊಂಡರು. ಎರಡು ದಿನ ಜ್ವರ, ಮೂರನೆಯ ದಿನ ಇಲ್ಲ. ಗಂಡಸರು ಹೊತ್ತುಕೊಂಡು ಹೋಗುವಾಗ ನಾನು ಓಣಿಯ ತುದಿಯಲ್ಲಿ ನಿಂತಿದ್ದೆ. ಅಳಲಿಲ್ಲ. ನನಗೆ ಅಳುವ ಹಕ್ಕು ಇಲ್ಲ ಎನಿಸಿತ್ತು. ಮಗ ತಿಂಗಳೊಳಗೆ ಗಿರಣಿ ಬಿಚ್ಚಿ ಮಾರಿದ. ಅವರ ಸೊಸೆ ಒಂದು ದಿನ ನನ್ನನ್ನು ಕರೆದು, "ಮಾವಾರು ನಿಮ್ಮನ್ನ ಬಾಳ ನೆನಸ್ತಿದ್ರು ಅತ್ತಿ. ನನ್ನ ತಪ್ಪಿಗೆ ತಂಗಿ ಒಂದ ಮಾತೂ ಬೈಲಿಲ್ಲ ಅಂತಿದ್ರು" ಎಂದಳು. ಆ ಮಾತು ಕೇಳಿದ ಮೇಲೆ ಮನೆಯಲ್ಲಿ ಕೂರಲು ಆಗಲಿಲ್ಲ.

ಮೊದಲು ನಮ್ಮ ಹೆಂಗಸರ ಮುಂದೆ ಹೇಳಿದೆ: ಆ ಶನಿವಾರ ನಾನು ಗಿರಣಿಗೆ ಹೋಗಲೇ ಇಲ್ಲ. ಯಾರೂ ಬೆಚ್ಚಿಬೀಳಲಿಲ್ಲ. ಶಾಂತವ್ವ, "ಗೊತ್ತೈತಿ ಬಿಡ್ರಿ. ಸತ್ತಾವ್ರ ಸತ್ರು, ಈಗ್ಯಾಕ ಕೆದರತೀರಿ? ನಮ್ಮ ಹೆಸರೂ ಅದರಾಗ ಬರತೈತಿ" ಎಂದಳು. ಮಾತು ಅಲ್ಲಿಗೆ ಮುಗಿಸಿ ಎಲ್ಲರೂ ಎದ್ದರು.

ಗಿರಣಿಯಣ್ಣನ ಮಾನ ಹೋದದ್ದು ಪಟ್ಟಣದವರ ಮುಂದೆ. ಹಾಗಾಗಿ ಬಸ್ಸು ಹತ್ತಿ ವಿಜಯಪುರಕ್ಕೆ ಹೋದೆ. ಗೋಳಗುಮ್ಮಟದ ಹತ್ತಿರದ ಆ ಖಾನಾವಳಿಯನ್ನು ಹುಡುಕಿಕೊಂಡು ಒಳಗೆ ಹೋದಾಗ ಊಟದ ಹೊತ್ತು. ಮಾಲಕರು ಬಾಗಿಲ ಹತ್ತಿರದ ಮೇಜಿನಲ್ಲಿ ಕೂತಿದ್ದರು. ಎದುರಿಗೆ ಫೋನಿನಂಥದೇ ಒಂದು ದೊಡ್ಡ ಹಲಗೆ ಇತ್ತು, ಅದರಲ್ಲಿ ಅಂಕಿಗಳು ಬರುತ್ತಿದ್ದವು. ನಾನು ಸಾರವಾಡದಿಂದ ಬಂದೆ, ಗಿರಣಿಯವರ ವಿಷಯ ಎಂದೆ.

"ಯಾವ ಗಿರಣಿಯವ್ರಮ್ಮಾ?"

"ಆ ಮದಿವಿ ಊಟಕ್ಕ ರೊಟ್ಟಿ ಕಡಿಮಿ ಬಿತ್ತಲ್ರಿ."

ಅವರು ಹಣೆ ಉಜ್ಜಿಕೊಂಡರು. "ಹಾಂ ಹಾಂ, ಆ ಕಿವುಡ ಮಾಮಾ."

"ಅವರ ಕಿವೀದ ತಪ್ಪಲ್ರಿ ಅದು. ನಾ ಹೇಳೇ ಇರಲಿಲ್ಲ. ಬರದೂ ಇರಲಿಲ್ಲ. ಸುಳ್ಳ ಹೇಳಿದ್ನಿ."

ಒಳಗೆ ಮಿಕ್ಸರು ತಿರುಗುತ್ತಿತ್ತು. "ಏನಂದ್ರಿ?" ಎಂದು ಅವರು ಕಿವಿಗೆ ಕೈ ಹಿಡಿದರು. ನಾನು ಮತ್ತೊಮ್ಮೆ ಹೇಳಿದೆ, ಜೋರಾಗಿ. ಉಣ್ಣುತ್ತಿದ್ದವರು ತಿರುಗಿ ನೋಡಿದರು. ತಪ್ಪು ನಂದು, ಗಿರಣಿಯವರದಲ್ಲ, ಹನ್ನೆರಡು ಮನೆಯ ಅಂಕಿಯನ್ನೂ ನಾನೇ ಸುಳ್ಳು ಒತ್ತಿಸಿದ್ದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಮಾಲಕರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. ಕೆಟ್ಟವರಲ್ಲ. "ಈಗ ಹ್ಯಾಂಗದಾರ ಅವರು?" ಎಂದು ಕೇಳಿದರು.

"ಇಲ್ರಿ. ತೀರಿಕೊಂಡ್ರು."

"ಮತ್ತ ಈಗ ಹೇಳಾಕ ಯಾಕ ಬಂದ್ರಿ ಅಮ್ಮಾ?"

ಅಷ್ಟರಲ್ಲಿ ಅವರ ಹಲಗೆಯಲ್ಲಿ ಏನೋ ಅಂಕಿ ಬಂತು, ಅದನ್ನು ನೋಡಿದರು. ಆಮೇಲೆ ಒಳಗಿನವರಿಗೆ, "ಅಮ್ಮಗ ಒಂದ ಊಟಾ ಕೊಡ್ರಿ, ದೂರದಿಂದ ಬಂದಾರ" ಎಂದು ಕೂಗಿ ಹೇಳಿದರು.

ಬೇಡ ಎನ್ನಬೇಕಾಗಿತ್ತು. ಮುಂಜಾನೆಯಿಂದ ಏನೂ ತಿಂದಿರಲಿಲ್ಲ. ಕೂತೆ. ರೊಟ್ಟಿ ಹಾಕಿದರು. ಎಲ್ಲಿಯದೋ, ಯಾರು ಬಡಿದದ್ದೋ. ಅಂಚು ಹರಿದಿರಲಿಲ್ಲ, ಒಳ್ಳೆಯ ಹಿಟ್ಟು. ಎರಡು ತಿಂದೆ. ಇನ್ನೊಂದು ಬೇಕೇ ಎಂದು ಕೇಳಿದಾಗ ಹಾಕ್ರಿ ಎಂದೆ.